ನೂಲಿಲ್ಲದ ಮಗ್ಗ

ಶಿಷ್ಯ ಕೇಳಿದ: "ಗುರುಗಳೇ, ಹಸಿದವನು ಅನ್ನ ಕೊಟ್ಟವನ ಹಿಂದೆ ಹೋದರೆ ಅರ್ಥವಾಗುತ್ತದೆ. ಕೈಗೆ ಬೆಂಕಿ ಕೊಟ್ಟವನ ಹಿಂದೆ ಏಕೆ ಹೋಗುತ್ತಾನೆ?"

ಗುರುಗಳು ಹೇಳತೊಡಗಿದರು:

ಒಂದು ಊರಿನಲ್ಲಿ ನೇಕಾರರ ಬೀದಿಯಿತ್ತು. ಅಲ್ಲಿ ಮಗ್ಗ ನಿಲ್ಲುತ್ತಿದ್ದುದು ಮನೆಯಲ್ಲಿ ಸಾವಾದಾಗ ಮಾತ್ರ. ಸದ್ದು ನಿಂತರೆ ನೆರೆಯವರು ಬಂದು, ಹೋದವರು ಯಾರು ಎಂದು ಕೇಳುತ್ತಿದ್ದರು.

ಎಲ್ಲಿಂದಲೋ ಅಗ್ಗದ ಬಟ್ಟೆ ಸಂತೆಗೆ ಬಂತು. ಒಬ್ಬ ನೇಕಾರನ ಸೀರೆಗಳನ್ನು ಕೇಳುವವರೇ ಇಲ್ಲವಾದರು. ನೂಲು ತೀರಿತು. ಹಾಗೆಂದು ಹೇಳಿಕೊಳ್ಳುವುದಕ್ಕಿಂತ ಉಪವಾಸವೇ ವಾಸಿ ಎನ್ನಿಸಿತು. ನಮ್ಮ ಜನರ ಮಾನ ಅಂಥದ್ದು. ಅವನು ಬಾಗಿಲು ಹಾಕಿಕೊಂಡು, ಬರಿ ಮಗ್ಗದಲ್ಲಿ ಕುಳಿತು, ಲಾಳಿ ಎಸೆಯತೊಡಗಿದ. ಬೆಳಗಿನಿಂದ ಸಂಜೆಯವರೆಗೆ ಲಟಕ್ ಲಟಕ್. ಒಂದು ಗೇಣು ಬಟ್ಟೆಯೂ ಹುಟ್ಟುತ್ತಿರಲಿಲ್ಲ. ಅಕ್ಕಪಕ್ಕದ ಮನೆಗಳಿಂದಲೂ ಅದೇ ಸದ್ದು ಬರುತ್ತಿತ್ತು. ಎಲ್ಲರೂ ನೆಮ್ಮದಿಯಾಗಿದ್ದಾರೆ, ನನ್ನ ಹಣೆಬರಹ ಮಾತ್ರ ಹೀಗೆ ಎಂದು ಒಳಗೊಳಗೇ ಬೇಯುತ್ತಿದ್ದ. ಪಾಪ, ಆ ಮಗ್ಗಗಳಲ್ಲೂ ನೂಲಿಲ್ಲವೆಂದು ಅವನಿಗೆ ಹೇಗೆ ಗೊತ್ತಾಗಬೇಕು?

ಒಂದು ಮಧ್ಯಾಹ್ನ ಅಪರಿಚಿತನೊಬ್ಬ ಬಾಗಿಲು ತಳ್ಳಿ ಒಳಬಂದ. ಬರಿ ಮಗ್ಗವನ್ನು ನೋಡಿದ. ನಗಲಿಲ್ಲ. ಪಕ್ಕದಲ್ಲಿ ಕುಳಿತು ನೇಕಾರನ ಹೆಗಲ ಮೇಲೆ ಕೈಯಿಟ್ಟ.

"ಇದು ನಿನ್ನ ತಪ್ಪಲ್ಲಪ್ಪ. ಈ ಬೀದಿಯ ಮಗ್ಗಗಳೆಲ್ಲ ಖಾಲಿಯೇ. ನಿಮ್ಮ ಅನ್ನ ಕಸಿದವನು ಯಾರು ಗೊತ್ತೇ? ಹೊಳೆದಂಡೆಯ ಬಣ್ಣಗಾರ. ಸಂತೆಯ ಆ ಅಗ್ಗದ ಬಟ್ಟೆಗೆ ಬಣ್ಣ ಹಾಕುವವನು ಅವನೇ. ಅವನ ಒಲೆಯ ಹೊಗೆ ಒಂದು ದಿನವಾದರೂ ನಿಂತಿದೆಯೇ?"

ಬಣ್ಣಗಾರ ನೇಕಾರನ ಹಳೆಯ ಗೆಳೆಯ. ಅವನ ಮಗಳ ಧಾರೆಸೀರೆಯನ್ನು ನೇಯ್ದವನು ಇವನೇ. ಆದರೆ ಹೊಗೆಯನ್ನು ಇವನು ಕಣ್ಣಾರೆ ಕಂಡಿದ್ದ. ಅದಕ್ಕಿಂತ ಹೆಚ್ಚಾಗಿ, ಎಷ್ಟೋ ಕಾಲದ ಮೇಲೆ ಒಬ್ಬರು ಅವನ ಹೆಗಲು ಮುಟ್ಟಿದ್ದರು. ಅವನು ಅತ್ತುಬಿಟ್ಟ.

ಅಪರಿಚಿತ ಎಲ್ಲ ಮನೆಗೂ ಹೋಗಿದ್ದ. ಮರುದಿನ ಬೀದಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಸತ್ತವರು ಯಾರೆಂದು ಯಾರೂ ಕೇಳಲಿಲ್ಲ. ಹಾಡಹಗಲೇ ಗಂಡಸರು ಪಂಜು ಹಿಡಿದು ಹೊಳೆಯ ಕಡೆ ನಡೆದರು. ಹೆಜ್ಜೆಗಳು ಮಗ್ಗದ ಲಯದಲ್ಲಿ ಬೀಳುತ್ತಿದ್ದವು. ನೇಕಾರ ಎಲ್ಲರಿಗಿಂತ ಮುಂದೆ ಇದ್ದ. ಅವನಿಗೆ ಈಗ ಹಸಿವೇ ಆಗುತ್ತಿರಲಿಲ್ಲ.

ಬಣ್ಣಗಾರನ ಬಾಗಿಲನ್ನು ಅವನೇ ಒದ್ದು ತೆರೆದ. ಒಳಗೆ ಬಣ್ಣಗಾರ ಒಲೆಗೆ ಸೌದೆ ಒಟ್ಟುತ್ತಿದ್ದ. ಹಂಡೆಯಲ್ಲಿ ಬಣ್ಣವಿರಲಿಲ್ಲ, ನೂಲಿರಲಿಲ್ಲ. ಬರಿ ನೀರು ಕುದಿಯುತ್ತಿತ್ತು.

ಬಣ್ಣಗಾರ ಪಂಜನ್ನು ನೋಡಲೇ ಇಲ್ಲ. ಗೆಳೆಯನ ಮುಖ ನೋಡಿ, "ಹಂಡೆ ಖಾಲಿ ಅಂತ ಯಾರಿಗೂ ಹೇಳಬೇಡವೋ, ಮಾನ ಹೋಗುತ್ತದೆ" ಎಂದ.

ನೇಕಾರನಿಗೆ ಎಲ್ಲ ಅರ್ಥವಾಯಿತು. ಹಿಂದಿರುಗಿ ಜನರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಆ ಮಾತು ಕೇಳಿ ಅವರೆಲ್ಲ ತಮ್ಮ ತಮ್ಮ ಮನೆಗೆ ಮರಳುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ. ತಾನು ಮತ್ತೆ ಒಬ್ಬನೇ ಬರಿ ಮಗ್ಗದ ಮುಂದೆ ಕೂರಬೇಕು. ಅದನ್ನು ನೆನೆದು ಅವನಿಗೆ ಭಯವಾಯಿತು. ಪಂಜನ್ನು ಹುಲ್ಲಿನ ಸೂರಿಗೆ ತಾಗಿಸಿದ.

ಕತೆ ಮುಗಿಯಿತು. ಶಿಷ್ಯ, "ಎಂಥ ಪಾಪಿ ಆ ಅಪರಿಚಿತ! ಅವನು ಆ ಬೀದಿಗೆ ಬರದೇ ಇದ್ದಿದ್ದರೆ..." ಎಂದ.

ಗುರುಗಳು ಕೇಳಿದರು: "ನಮ್ಮೂರ ನೇಕಾರರ ಬೀದಿಗೆ ನೀನು ಹೋಗಿ ಎಷ್ಟು ಕಾಲವಾಯಿತು?"