ಮಣಿಗಳು ಹಿಡಿಯದೆ ಬಿಟ್ಟ ನೀರು

ಹೊಳೆದಂಡೆಯ ಆಶ್ರಮಕ್ಕೊಂದು ಸಣ್ಣ ಆಸ್ಪತ್ರೆ. ಅದರ ಪ್ರಯೋಗಾಲಯದಲ್ಲಿ ವಿಶಾಲಾಕ್ಷಮ್ಮ ಗುರು, ಕುಬೇರ ಶಿಷ್ಯ.

ಎಂಟು ತಿಂಗಳ ಕೂಸಿಗೆ ಹನ್ನೊಂದು ದಿನದಿಂದ ಜ್ವರ. ರಕ್ತದಲ್ಲಿ ರೋಗಾಣು ಸಿಕ್ಕರೆ ಔಷಧಿ ಬದಲಿಸುವುದು, ಸಿಗದಿದ್ದರೆ ನಿಲ್ಲಿಸುವುದು ಎಂದು ಡಾಕ್ಟರು ತೀರ್ಮಾನಿಸಿದ್ದರು. ಕೂಸನ್ನು ಮಡಿಲಲ್ಲಿಟ್ಟುಕೊಂಡು ತಾಯಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

ಕುಬೇರ ವರದಿ ತಂದು ಮುಂದಿಟ್ಟ. ರೋಗಾಣು ಇಲ್ಲ.

“ಸಹಿ ಹಾಕಿ, ಅಮ್ಮ. ಪಾಪ, ಆಕೆಗೆ ಒಳ್ಳೆ ಸುದ್ದಿ ಹೇಳಿಬಿಡ್ತೀನಿ.”

“ರಕ್ತ ಎಷ್ಟು ಹಾಕಿದೆ?”

“ಇದ್ದದ್ದೆಲ್ಲ! ನೀವು ಹೇಳೋದರ ನಾಲ್ಕು ಪಟ್ಟು. ಒಂದು ರೋಗಾಣುವೂ ತಪ್ಪಿಸಿಕೊಳ್ಳಬಾರದಲ್ಲ.”

“ಕಾಂತಮಣಿ?”

“ಎಂದಿನಷ್ಟೇ. ಒಂದು ಹನಿ.”

ಕಾಂತಮಣಿ ಎಂದರೆ ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಮಣಿ. ಜೀವಕೋಶ ಒಡೆದ ರಕ್ತಕ್ಕೆ ಬೆರೆಸಿದರೆ ಅದರಲ್ಲಿನ ಡಿಎನ್‌ಎ ಎಳೆಗಳನ್ನು ಮೈಗೆ ಅಂಟಿಸಿಕೊಳ್ಳುತ್ತದೆ. ಅಯಸ್ಕಾಂತ ಹಿಡಿದರೆ ಎಳೆಯ ಸಮೇತ ಕೊಳವೆಯ ಗೋಡೆಗೆ ಸರಿಯುತ್ತದೆ. ಉಳಿದ ನೀರು ಕಸ.

“ಆ ರಕ್ತದಲ್ಲಿ ಯಾರ ಎಳೆ ಹೆಚ್ಚು?”

“ಕೂಸಿನದೇ. ರೋಗಾಣುವಿನದು ಇದ್ದರೂ ಲಕ್ಷಕ್ಕೊಂದು.”

“ಒಂದು ಹನಿ ಮಣಿಯ ಮೈಮೇಲೆ ಜಾಗ ಮೊದಲು ಯಾರಿಗೆ ಸಿಕ್ಕಿತು?”

ಕುಬೇರ ವರದಿಯನ್ನು ಹಿಂದಕ್ಕೆ ಎಳೆದುಕೊಂಡ. ಇನ್ನೊಮ್ಮೆ ರಕ್ತ ತೆಗೆಯುವ ಸ್ಥಿತಿಯಲ್ಲಿ ಕೂಸು ಇರಲಿಲ್ಲ.

“ಮಣಿ ಬಿಟ್ಟ ನೀರು ತಾ.”

ಸಹಿ ಬೀಳುವವರೆಗೆ ಆ ನೀರನ್ನು ಚೆಲ್ಲಬಾರದೆಂದು ಅಮ್ಮನ ಕಟ್ಟಪ್ಪಣೆ. ‘ನಮ್ಮಮ್ಮ ತೀರ್ಥ ಕಾಯ್ತಾರೆ’ ಎಂದು ಕುಬೇರ ಬೆನ್ನ ಹಿಂದೆ ಆಡಿಕೊಂಡದ್ದುಂಟು. ಈಗ ಎರಡೂ ಕೈಯಲ್ಲಿ ಹಿಡಿದು ತಂದ.

ಅಮ್ಮ ಹೊಸ ಮಣಿ ಬೆರೆಸಿದರು. ಅಯಸ್ಕಾಂತಕ್ಕೆ ಹಿಡಿದರು. ಮಣಿ ತೊಳೆದು, ಅಂಟಿದ ಎಳೆ ಬಿಡಿಸಿ, ರೋಗಾಣುವಿನ ಎಳೆ ಸಿಕ್ಕರೆ ಪರದೆಯಲ್ಲಿ ಗೆರೆ ಏಳಿಸುವ ಯಂತ್ರಕ್ಕಿಟ್ಟರು.

ಏನೂ ಇಲ್ಲ.

“ಇಲ್ಲವಲ್ಲ, ಅಮ್ಮ.”

“ನಿನ್ನ ನಾಲಿಗೆಗೆ ಆ ಒಂದೇ ಪದ ಬರೋದಾ? ಇನ್ನಷ್ಟು ಮಣಿ ತಾ.”

ಅದೇ ನೀರು, ಮತ್ತೆ ಹೊಸ ಮಣಿ. ಆಗಲೂ ಗೆರೆ ಏಳಲಿಲ್ಲ. ಹೊರಗೆ ಕೂಸು ಅಳುತ್ತಿತ್ತು. ಆಮೇಲೆ ಅಳುವುದನ್ನೂ ನಿಲ್ಲಿಸಿತು. ಕುಬೇರ ಬಾಗಿಲ ಕಡೆ ನೋಡಲಾರದೆ ಯಂತ್ರವನ್ನೇ ನೋಡುತ್ತ ನಿಂತ.

ಮೂರನೇ ಸಲ, ಪರದೆಯ ಮೇಲೆ ಮಲಗಿದ್ದ ಗೆರೆ ಮೆಲ್ಲಗೆ ತಲೆ ಎತ್ತಿತು.

ಕುಬೇರ ಡಾಕ್ಟರ ಬಳಿಗೆ ಓಡಿದ. ಕೂಸಿಗೆ ಹೊಸ ಔಷಧಿ ಶುರುವಾದ ಮೇಲೇ ತಿರುಗಿ ಬಂದ. ಹಳೆಯ ವರದಿಯನ್ನು ಹರಿದು ಹಾಕಿದ.

“ಈ ಮಣಿಗಳನ್ನು ನಂಬಿ ಕೆಟ್ಟೆ, ಅಮ್ಮ. ಎಂಥ ಸುಳ್ಳು ಹೇಳಿಬಿಟ್ಟವು!”

ಅಮ್ಮ ಕೈಗವಸು ಕಳಚಿದರು.

“ಕೈ ತುಂಬಿದೆ ಅಂದವು ಅವು. ಇಲ್ಲ ಅಂದವನು ನೀನು.”