ಸುಳ್ಳು ಹಿಡಿಯುವ ಯಮನೂರ

ಯಮನೂರನ ಕೈಗೆ ಕಾದಂಬರಿ ಸಿಕ್ಕರೆ ಬರೆದವರು ಊರು ಬಿಡಬೇಕು. ಇದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಮೆತ್ತನೆಯ ಕುರ್ಚಿಯಲ್ಲಿ ಕೂತು ಓದುವವರು ಬೇರೆ, ಎತ್ತಿನ ಬಾಲ ತಿರುವಿ ಬಂದು ಓದುವವರು ಬೇರೆ. ಯಮನೂರ ಎರಡನೆಯ ತಳಿ. ಅವನ ಎದೆ ಯಾವಾಗಲೂ ಒಂದು ಗೇಣು ಮುಂದೆಯೇ ಇರುತ್ತಿತ್ತು.

ಅವನ ಊರಲ್ಲಿ ಅಮಾವಾಸ್ಯೆಯ ದಿನ ಎತ್ತು ಹೂಡುವುದಿಲ್ಲ. ಕೈಗೆ ಕೆಲಸವಿಲ್ಲದ ಆ ದಿನ ಓದುವ ಹುಚ್ಚಿನವರೆಲ್ಲ ವಾಚನಾಲಯದ ಕಟ್ಟೆಗೆ ಬಂದು ಕೂಡುತ್ತಿದ್ದರು. ಒಬ್ಬ ಎದ್ದು ನಿಂತು ಹೊಸ ಕಾದಂಬರಿಯೊಂದರ ಬಗ್ಗೆ ತನಗನಿಸಿದ್ದು ಹೇಳಬೇಕು. ಪುಸ್ತಕ ಚೆನ್ನಾಗಿಲ್ಲ ಎಂದರೆ ವಾಚನಾಲಯ ನೋಡಿಕೊಳ್ಳುವ ಮಾಬುಸಾಬರು ಸುಮ್ಮನೆ ಬಿಡುತ್ತಿರಲಿಲ್ಲ.

"ಬರೇ ಬೈಬ್ಯಾಡಪಾ. ಸುಳ್ಳು ಎಲ್ಲೈತಿ, ತೋರಸು."

ತೋರಿಸಿದರೆ ಆ ಪುಸ್ತಕ ಕಪಾಟಿನ ಕೆಳಗಿನ ಖಾನೆಗೆ ಹೋಗುತ್ತಿತ್ತು. ಆಮೇಲೆ ಅದು ಇಲಿಗಳ ಪಾಲು.

ಸುಳ್ಳು ತೋರಿಸುವುದರಲ್ಲಿ ಯಮನೂರನಿಗೆ ಸಮ ಯಾರಿದ್ದರು? ಬಹುಮಾನ ಬಂದ ಒಂದು ಕಾದಂಬರಿಯಲ್ಲಿ ರೈತ ಅಮಾವಾಸ್ಯೆಯ ದಿನವೇ ನೇಗಿಲು ಹೂಡಿದ್ದ. "ಎತ್ತು ಇವರಪ್ಪನ ಮನೀವೇನು?" ಎಂದು ಯಮನೂರ ಒಂದೇ ಮಾತಿನಲ್ಲಿ ಅದನ್ನು ಕೆಳಗಿನ ಖಾನೆಗೆ ಇಳಿಸಿದ. ಇನ್ನೊಂದರಲ್ಲಿ ನಾಯಕ ಕಿಟಕಿಯ ಮುಂದೆ ಕೂತು ಅರ್ಧ ಪುಸ್ತಕ ಯೋಚನೆ ಮಾಡುತ್ತಿದ್ದ. "ಇವನ್ನ ಒಂದಿನ ನಮ್ಮ ಹೊಲಕ್ಕ ಕಳೆ ತಗ್ಯಾಕ ಕಳಸ್ರಿ, ಕಾದಂಬರಿ ಅಲ್ಲಿಗೇ ಮುಗೀತೈತಿ" ಎಂದಾಗ ಕಟ್ಟೆಯೆಲ್ಲ ನಕ್ಕು ಉರುಳಾಡಿತು.

ಈ ಸಲದ ಅಮಾವಾಸ್ಯೆ ಮಾತ್ರ ದೊಡ್ಡದು. ಪುಸ್ತಕ ಬರೆದವರೇ ಕಟ್ಟೆಗೆ ಬರುವವರಿದ್ದರು. ಬರೆದವರ ಮುಖದ ಮುಂದೆಯೇ ಸುಳ್ಳು ಹಿಡಿದರೆ ಯಮನೂರನ ಹೆಸರು ಜಿಲ್ಲೆ ದಾಟುತ್ತಿತ್ತು. ಹಿಂದಿನ ದಿನ ಸಂಜೆ ಅವನು ಒಲೆಯ ಮುಂದೆ ಕೂತ ತನ್ನ ತಾಯಿ ಕಾಶವ್ವನಿಗೆ ಭಾಷಣ ಒಪ್ಪಿಸತೊಡಗಿದ. ಅವಳು ರೊಟ್ಟಿ ಬಡಿಯುತ್ತಿದ್ದಳು.

"ಅವ್ವಾ, ಕೇಳಿಲ್ಲಿ. ಇದರಾಗ ಒಬ್ಬಾಕಿ ತಾಯಿ ಅದಾಳ. ಆಕಿ ಕಣ್ಣು ದಿನಾ ಒಂದಿಷ್ಟು ಮಂಜಾಕ್ಕೋತ ಹೋಗ್ತಾವ. ಯಾರ ಮುಂದೂ ಹೇಳಂಗಿಲ್ಲ. ಅಡಗಿ ಮಾಡ್ತಾಳ, ನೀರು ತರ್ತಾಳ. ಒಂದೇ ಮನ್ಯಾಗ ಇದ್ದ ಮಗಗ ಗೊತ್ತs ಆಗಂಗಿಲ್ಲಂತ! ಇಂಥ ಸುಳ್ಳು ಎಲ್ಯರ ಇರ್ತೈತೇನು?"

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಕಡೀಕರ ಗೊತ್ತಾತೇನು ಮಗಗ?"

"ಇಲ್ಲಬೇ! ಅದಕ್ಕs ಸುಳ್ಳು ಅನ್ನೋದು. ಮಗ ಏನು ಕಲ್ಲೇನು?"

"ಅವಗೂ ಕೆಲಸ ಇರ್ತಾವ, ಪಾಪ" ಎಂದಳು ಕಾಶವ್ವ. ಸದ್ದು ಮತ್ತೆ ಶುರುವಾಯಿತು.

"ನಾಳೆ ನನ್ನ ಕೈಯಾಗ ಸಿಗೋರು ಇವರs ನೋಡು" ಎಂದು ಯಮನೂರ ಪುಸ್ತಕದ ಹಿಂದಿನ ರಟ್ಟನ್ನು ಅವಳ ಮುಂದೆ ಹಿಡಿದ. ಬರೆದವರ ಚಿತ್ರ ಅಲ್ಲಿ ಅಂಗೈಯಗಲ ಅಚ್ಚಾಗಿತ್ತು. ಕಾಶವ್ವ ಸೆರಗಿಗೆ ಕೈ ಒರೆಸಿಕೊಂಡು ಪುಸ್ತಕ ಇಸಿದುಕೊಂಡಳು. ಬಾಗಿಲ ಬೆಳಕಿಗೆ ತಿರುಗಿಸಿದಳು. ಹೊರಗೆ ಇನ್ನೂ ಬಿಸಿಲಿತ್ತು.

"ಚಲೋ ಅದಾನ ಬಿಡೋ. ಮೀಸಿ ನಿಮ್ಮಪ್ಪನ ಹಂಗs ಐತಿ."

ಯಮನೂರ ಹೊಟ್ಟೆ ಹಿಡಿದುಕೊಂಡು ನಕ್ಕ. ಚಿತ್ರದಲ್ಲಿ ಇದ್ದವರು ಹಣೆತುಂಬ ಕುಂಕುಮವಿಟ್ಟ, ಬೆಳ್ಳಗೆ ತಲೆ ನೆರೆತ ಮುದುಕಿ.

"ಏ ಅವ್ವಾ, ಚಾಷ್ಟಿ ಮಾಡ್ತೀಯೇನು?"

ಅವಳು ನಗಲಿಲ್ಲ. ಪುಸ್ತಕವನ್ನು ಅವನ ಕಡೆ ಚಾಚಿದಳು. ಅವನು ಬಲಕ್ಕಿದ್ದ, ಪುಸ್ತಕ ಎಡಕ್ಕೆ ಹೋಯಿತು.

ಯಮನೂರ ಹತ್ತಿರ ಸರಿದ. ಸದ್ದು ಮಾಡದೆ ಅವಳ ಮುಖದ ಮುಂದೆ ಅಂಗೈ ಆಡಿಸಿದ. ಅವಳ ರೆಪ್ಪೆ ಅಲುಗಲಿಲ್ಲ. ಕಣ್ಣ ಬೊಂಬೆಯ ಮೇಲೆ ಮಜ್ಜಿಗೆಯ ಹನಿಯಂಥ ಬಿಳುಪು ಕೂತಿತ್ತು. ದಿನಾ ಇದೇ ಮುಖದ ಎದುರು ಕೂತು ಉಣ್ಣುತ್ತಿದ್ದನಲ್ಲ! ಮೊನ್ನೆ ಅನ್ನದಲ್ಲಿ ಹರಳು ಬಂದಾಗ, ಚಹಾ ಕಪ್ಪಿನ ಹೊರಗೆ ಸುರಿದಾಗ, "ಕಣ್ಣು ಕಾಣಂಗಿಲ್ಲೇನು ನಿನಗ?" ಎಂದು ಒದರಿದ್ದ. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದ. ಉತ್ತರಕ್ಕೆ ನಿಂತಿರಲಿಲ್ಲ.

"ಯಾವಾಗಿಂದಬೇ?" ಎಂದ.

ಕಾಶವ್ವ ತವೆಯ ಮೇಲಿನ ರೊಟ್ಟಿಯನ್ನು ಬೆರಳಲ್ಲೇ ಮುಟ್ಟಿ ತಿರುವಿ ಹಾಕಿದಳು. "ನೀ ಪುಸ್ತಕಾ ಹಿಡದಾಗ ಮಾತಾಡ್ಸಿದ್ರ ಸಿಟ್ಟಿಗೇಳ್ತಿದ್ದೆಲ್ಲೋ, ಮಗಾ. ನಾಳೆ ಹೇಳೋಣ, ನಾಡದು ಹೇಳೋಣ ಅಂದೆ. ರೂಢಿ ಆತು."

ಮರುದಿನ ಕಟ್ಟೆ ತುಂಬಿತ್ತು. ಕಾದಂಬರಿ ಬರೆದ ಅಜ್ಜಿ ನಡುವೆ ಕೂತಿದ್ದರು. ಯಮನೂರ ಬಂದದ್ದೇ ಜನ ಸಿಳ್ಳು ಹಾಕಿದರು. "ಬಂತಪಾ ಹುಲಿ!" ಮಾಬುಸಾಬರು ಎಂದಿನಂತೆ ಕೇಳಿದರು:

"ಹೇಳಪಾ. ಸುಳ್ಳು ಎಲ್ಲೈತಿ?"

ಯಮನೂರ ಪುಸ್ತಕವನ್ನು ಅವರ ಕೈಗಿಟ್ಟ.

"ಮ್ಯಾಲಿನ ಖಾನ್ಯಾಗ ಇಡ್ರಿ. ಇದರಾಗ ಇಲ್ರಿ ಸುಳ್ಳು. ನಮ್ಮನ್ಯಾಗ ಇತ್ತು." ಅವನು ಬೀದಿಯಲ್ಲಿ ನಿಂತ ಆಟೋದ ಕಡೆ ಕೈ ಮಾಡಿದ. "ನಮ್ಮವ್ವ ಕುಂತಾಳ. ಆಕಿಗೆ ಕಣ್ಣು ಕಾಣಂಗಿಲ್ಲ. ನಾ ನಿನ್ನೆ ನೋಡಿದೆ. ಅಮಾಸಿ ದಿನ ಊರು ದಾಟಬಾರದು ಅಂತಾಳ, ನಾ ಕೇಳಿಲ್ಲ. ದವಾಖಾನಿಗೆ ಹೊಂಟೀವ್ರಿ."

ಆಟೋ ಹೋಯಿತು. ಅಜ್ಜಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನ ಒಬ್ಬ ಎದ್ದು ಚಪ್ಪಲಿ ಹುಡುಕಿದ.

"ಎಲ್ಲಿಗೋ?" ಎಂದರು ಮಾಬುಸಾಬರು.

"ಮನೀಗ್ರಿ. ಅವ್ವನ್ನ ನೋಡಿ ಬರ್ತೀನಿ."

ಅವನ ಹಿಂದೆ ಇನ್ನೊಬ್ಬ ಎದ್ದ. ಆಮೇಲೆ ಮತ್ತೊಬ್ಬ. ನೋಡನೋಡುತ್ತಿದ್ದಂತೆ ಕಟ್ಟೆ ಖಾಲಿಯಾಯಿತು. ಅಂದು ಆ ಕಾದಂಬರಿಯ ಬಗ್ಗೆ ಯಾರೂ ಮಾತಾಡಲಿಲ್ಲ.

ನೀತಿ: ಕತೆ ಓದುವಾಗ "ಇಂಥದ್ದು ಎಲ್ಲಾದರೂ ಉಂಟೇ?" ಎನಿಸಿದರೆ, ಬರೆದವರನ್ನು ಬೈಯುವ ಮೊದಲು ಪುಸ್ತಕ ಮಡಚಿಟ್ಟು ನಿನ್ನ ಮನೆಯೊಳಗೆ ಒಮ್ಮೆ ನೋಡು. ನಿನಗೆ ಕಾಣದ್ದೆಲ್ಲ ಸುಳ್ಳಲ್ಲ.