ಇದ್ದವನ ಗೋರಿ

ಮಾದಲಗಡ್ಡಿಯ ಹಳೆಯ ದಂಡಿನ ರಸ್ತೆ ಹೊಳೆಯ ಕಡೆಗೆ ಇಳಿಯುವಲ್ಲಿ, ಬೇವಿನ ಮರಗಳ ನಡುವೆ ಬಿಳಿಯರ ಸ್ಮಶಾನವೊಂದಿದೆ. ಚೂಪು ಕಮಾನಿನ ಬಾಗಿಲು, ಅದರ ನೆತ್ತಿಯಲ್ಲಿ ತೋಳು ಮುರಿದ ಶಿಲುಬೆ. ಒಳಗೆ ಕಾಲಿಟ್ಟರೆ ಕಲ್ಲಿನದೇ ಒಂದು ಊರು: ಮೊನಚಾದ ಎತ್ತರದ ಕಂಬಗಳು, ಅರ್ಧ ಬಟ್ಟೆ ಹೊದಿಸಿದಂತೆ ಕಡೆದ ಕಲಶಗಳು, ಮಕ್ಕಳ ಗೋರಿಗಳ ಮೇಲೆ ಮಲಗಿದ ಕಲ್ಲಿನ ಕುರಿಮರಿಗಳು. ಹರೆಯದಲ್ಲೇ ಹೋದವರಿಗೆ ಬೇಕೆಂದೇ ನಡುವೆ ಮುರಿದಂತೆ ಮಾಡಿದ ಕಂಬಗಳಿವೆ; ನೋಡಲು ಬಂದವರು ಅವನ್ನು ಯಾರೋ ಪುಂಡರು ಕೆಡವಿದ್ದೆಂದು ಬೈದುಕೊಳ್ಳುವುದುಂಟು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಲ್ಲಿ ಪಡೆ ಬೀಡುಬಿಟ್ಟಿದ್ದಾಗ ಜ್ವರಕ್ಕೋ ವಾಂತಿಭೇದಿಗೋ ತುತ್ತಾದವರು ಇಲ್ಲಿ ಮಲಗಿದ್ದಾರೆ. ಅವರೆಲ್ಲರ ಹೆಸರನ್ನು ಊರು ಮರೆತಿದೆ. ಇಡೀ ಜಾಗಕ್ಕೆ ‘ಇದ್ದವನ ಗೋರಿ’ ಎಂಬ ಒಂದೇ ಹೆಸರು. ಸತ್ತವರೇ ತುಂಬಿರುವ ಕಡೆ ಈ ಇದ್ದವನು ಯಾರು ಎಂದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಅಂಬಿಗರ ಕೇರಿಯ ಹಿರಿಯರು ಮಾತ್ರ ಹುಲಿಗೆವ್ವನ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ, ಈ ಹೊಳೆಗೆ ಸೇತುವೆ ಇನ್ನೂ ಕಟ್ಟುತ್ತಿದ್ದ ಕಾಲದಲ್ಲಿ, ಹುಲಿಗೆವ್ವನ ಗಂಡ ಬರಮಪ್ಪ ಹರಿಗೋಲು ಹಾಕುತ್ತಿದ್ದ. ಸೇತುವೆಯ ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರು ಡೆನ್‌ಹ್ಯಾಮ್ ಸಾಹೇಬ ಈಚೆ ದಡದಿಂದ ಆಚೆ ದಡಕ್ಕೆ ದಿನವೂ ಅವನ ಹರಿಗೋಲಿನಲ್ಲೇ ಹೋಗುತ್ತಿದ್ದ. ಒಂದು ಮಳೆಗಾಲದ ಬೆಳಿಗ್ಗೆ ನೀರು ಕೆಂಪಗೆ ತಿರುಗಿತ್ತು. ಇವತ್ತು ಬೇಡವೆಂದು ಬರಮಪ್ಪ ಹೇಳಿದ. ಆಚೆಯ ಕಂಬದ ಪಾಯ ಕೊಚ್ಚಿಹೋಗುತ್ತದೆಂದು ಸಾಹೇಬ ಹಟ ಹಿಡಿದ. ನಡುಹೊಳೆಯಲ್ಲಿ ಹರಿಗೋಲು ಗಿರಗಿರನೆ ತಿರುಗಿದ್ದನ್ನು ದಡದಲ್ಲಿದ್ದವರು ಕಂಡರು, ಆಮೇಲೆ ಏನೂ ಕಾಣಲಿಲ್ಲ. ಕೆಲವು ದಿನಗಳ ಮೇಲೆ ಕೆಳಗಿನ ತಿರುವಿನ ಜಾಲಿಪೊದೆಯಲ್ಲಿ ಒಂದು ಹೆಣ ಸಿಕ್ಕಿತು. ಮೀನು ತಿಂದು ಮುಖವೇ ಉಳಿದಿರಲಿಲ್ಲ, ಮೈ ಬಣ್ಣ ಹೇಳಲಾಗದಂತೆ ಊದಿಕೊಂಡಿತ್ತು. ಮೈಮೇಲೆ ಸಾಹೇಬನ ಹಿತ್ತಾಳೆ ಗುಂಡಿಯ ಕೋಟು ಇತ್ತು. ಕೋಟು ಸಾಹೇಬನದೆಂದ ಮೇಲೆ ಹೆಣವೂ ಸಾಹೇಬನದೇ ಎಂದರು. ಬೇರೆ ಯೋಚನೆ ಯಾರಿಗೂ ಬರಲಿಲ್ಲ. ಬಂದೂಕು ಹಾರಿಸಿ ಮರ್ಯಾದೆಯಿಂದ ಮಣ್ಣು ಮಾಡಿದರು. ಅಂದು ಹುಲಿಗೆವ್ವ ಸ್ಮಶಾನದ ಗೋಡೆಯಾಚೆ ನಿಂತಿದ್ದಳು. ಬೇಡವೆಂದರೂ ಕೇಳದೆ ತನ್ನ ಗಂಡನನ್ನು ನೀರಿಗೆ ಎಳೆದೊಯ್ದವನು ಇವನೆಂದು, ಎಲ್ಲರೂ ಹೋದ ಮೇಲೆ ಒಳಹೊಕ್ಕು, ಹಸಿ ಗುಂಡಿಯ ಮೇಲೆ ಬೊಗಸೆ ತುಂಬ ಮಣ್ಣು ತೂರಿ ಶಾಪ ಹಾಕಿ ಬಂದಳು.

ಬರಮಪ್ಪನ ಹೆಣ ಸಿಗಲಿಲ್ಲ. ಹೆಣವಿಲ್ಲದೆ ಬಳೆ ಒಡೆಯುವುದು ಹೇಗೆಂದು ಕೇರಿಯ ಹಿರಿಯರು ಕಾಯಲು ಹೇಳಿದರು. ಹುಲಿಗೆವ್ವನಿಗೆ ಅತ್ತರೆ ತಪ್ಪು, ಅಳದಿದ್ದರೆ ತಪ್ಪು. ಕುಂಕುಮ ಇಟ್ಟುಕೊಂಡರೆ ನೆರೆಯವರು ಕಣ್ಣು ಕೆಳಗೆ ಮಾಡುತ್ತಿದ್ದರು. ಇಟ್ಟುಕೊಳ್ಳದ ದಿನ ಅತ್ತೆ ಬಾಯಿಬಡಿದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಸಾಹೇಬನ ಗೆಳೆಯರು ಹಣ ಕೂಡಿಸಿ ಗೋರಿಯ ಮೇಲೆ ನಾಲ್ಕು ಕಂಬದ ಮಂಟಪ ಎಬ್ಬಿಸಿದರು. ಕಂಬದಿಂದ ಕಂಬಕ್ಕೆ ಚೂಪು ಕಮಾನು, ಕಮಾನಿನಂಚಿಗೆ ದ್ರಾಕ್ಷಿ ಬಳ್ಳಿ, ಮೇಲೆ ಗುಮ್ಮಟ. ಒಳಗೆ ಹಾಸಿದ ಬಿಳಿ ಚಪ್ಪಡಿಯಲ್ಲಿ ಅವನ ಹೆಸರು, ಹುದ್ದೆ, ತೀರಿಕೊಂಡ ದಿನ. ಹೊಳೆಯಲ್ಲಿ ಬಟ್ಟೆ ಒಗೆಯುವಾಗ ತಲೆ ಎತ್ತಿದರೆ ಹುಲಿಗೆವ್ವನಿಗೆ ಆ ಗುಮ್ಮಟವೇ ಕಾಣುತ್ತಿತ್ತು. ಅವಳು ಅದಕ್ಕೆ ಬೆನ್ನು ಮಾಡಿ ಒಗೆಯುತ್ತಿದ್ದಳು.

ದಸರೆ ಕಳೆದ ಮೇಲೆ ಒಂದು ಎತ್ತಿನ ಗಾಡಿ ದಂಡಿಗೆ ಬಂತು. ಅದರಿಂದ ಇಳಿದವನು ಡೆನ್‌ಹ್ಯಾಮ್ ಸಾಹೇಬ. ಹೊಳೆಯ ಬಹಳ ಕೆಳಗೆ ಯಾವುದೋ ನಡುಗಡ್ಡೆಯ ಮರಕ್ಕೆ ಸಿಕ್ಕಿಕೊಂಡು ಉಳಿದಿದ್ದ. ಅಲ್ಲಿಯ ದನಗಾಹಿಗಳು ಎತ್ತಿ ತಂದು ಸಾಕಿದರು; ತಾನು ಯಾರೆಂಬುದೇ ನೆನಪಾಗದ ಜ್ವರದಲ್ಲಿ ಮಳೆಗಾಲ ಪೂರ್ತಿ ಮಲಗಿದ್ದನಂತೆ. ದಂಡಿನ ಪಾದ್ರಿ ಅವನನ್ನು ಕಂಡು ಕೈ ಹಿಡಿದು ಸ್ಮಶಾನಕ್ಕೇ ಕರೆದೊಯ್ದ. ಸಾಹೇಬ ತನ್ನ ಹೆಸರನ್ನು ಓದಿದ, ಮಂಟಪದ ಸುತ್ತ ಒಮ್ಮೆ ಬಂದ, ಮತ್ತೆ ಓದಿದ. ಆಮೇಲೆ, ಹಾಗಾದರೆ ಇಲ್ಲಿ ಯಾರಿದ್ದಾರೆ ಎಂದು ಕೇಳಿದ. ಆ ಮಾತು ಸಂಜೆಯೊಳಗೆ ಅಂಬಿಗರ ಕೇರಿಯನ್ನು ಮುಟ್ಟಿತು. ಹುಲಿಗೆವ್ವ ಒಲೆಯ ಮುಂದೆ ಕೂತಿದ್ದವಳು ತನ್ನ ಎರಡು ಅಂಗೈಗಳನ್ನು ತಿರುವಿ ನೋಡಿಕೊಂಡಳು ಎನ್ನುತ್ತಾರೆ. ಮಣ್ಣು ತೂರಿದ್ದು ಆ ಕೈಗಳೇ.

ಮರುದಿನ ಸಾಹೇಬ ತಾನೇ ಅವಳ ಗುಡಿಸಲಿಗೆ ಬಂದ. ಅವನ ಮೇಲಿದ್ದ ಸಿಟ್ಟನ್ನೆಲ್ಲ ಅವಳು, ಅವನು ಸತ್ತನೆಂದುಕೊಂಡು, ಆ ಗೋರಿಯ ಮೇಲೆಯೇ ಕಳೆದುಬಿಟ್ಟಿದ್ದಳು. ಈಗ ಅವನು ಎದುರಿಗೆ ಬಡಕಲಾಗಿ ನಿಂತಾಗ ಅದನ್ನು ಎಲ್ಲಿಂದ ತರಬೇಕೆಂದು ತಿಳಿಯಲಿಲ್ಲ. ಬಾಗಿಲಲ್ಲೇ ಕೇಳಿದಳು:

“ನಿಮ್ಮ ಕೋಟು ಅಂವಗ ನೀವ ಕೊಟ್ರೇನ್ರಿ?”

“ನೀರು ಒಳಗೆ ಬಂತು, ಈಜಬೇಕೆಂದು ಕೋಟು ತೆಗೆದೆ,” ಎಂದ ಸಾಹೇಬ. “ಅವನು ಚಳಿಯಲ್ಲಿ ನಡುಗುತ್ತಿದ್ದ. ಕೊಟ್ಟೆನೋ, ಬಿಸಾಕಿದೆನೋ, ನನಗೆ ನೆನಪಿಲ್ಲವಮ್ಮಾ.”

ಬರಮಪ್ಪನ ಸೊಂಟದಲ್ಲಿ ಸದಾ ಬೆಳ್ಳಿಯ ಉಡಿದಾರವಿರುತ್ತಿತ್ತು. ಹೆಣ ತೊಳೆದ ಇಬ್ಬರನ್ನು ಕರೆಸಿ ಕೇಳಿದರು. ಉಡಿದಾರ ನೋಡಿದ ಹಾಗಿದೆ ಎಂದು ಒಬ್ಬ, ಏನೂ ಇರಲಿಲ್ಲವೆಂದು ಇನ್ನೊಬ್ಬ; ಒತ್ತಿ ಕೇಳಿದಾಗ ಇಬ್ಬರೂ ತಮ್ಮ ಮಾತನ್ನು ಅದಲುಬದಲು ಮಾಡಿದರು. ಹೊಳೆದಂಡೆಯ ಬೇರೆ ಊರುಗಳಲ್ಲೂ ಆ ಮಳೆಗೆ ಜನ ಕೊಚ್ಚಿಹೋಗಿದ್ದರು. ತೇಲಿಬಂದ ಕೋಟನ್ನು ಅವರಲ್ಲೊಬ್ಬ ತೊಟ್ಟಿರಲೂಬಹುದೆಂದು ಕೆಲವರು ಆಡಿಕೊಂಡರು. ಕೊನೆಗೆ ಸಾಹೇಬ, ಅವಳು ಒಪ್ಪಿದರೆ ಗೋರಿ ಅಗೆಸುತ್ತೇನೆಂದ. ಪಾದ್ರಿಗೆ ಮನಸ್ಸಿರಲಿಲ್ಲ, ಆದರೂ ತಡೆಯಲಿಲ್ಲ. ಹುಲಿಗೆವ್ವ ಹೂಂ ಎಂದಳು. ಬೆಳಗಾಗುವಾಗ ಬೇಡವೆನ್ನಿಸಿತು, ಸ್ಮಶಾನದ ದಾರಿ ಹಿಡಿದಾಗ ಮತ್ತೆ ಬೇಕೆನ್ನಿಸಿತು.

ಹಾರೆ ಹಾಕಿ ಚಪ್ಪಡಿ ಸರಿಸಿದರು. ಗುದ್ದಲಿ ಮಣ್ಣಿಗೆ ಇಳಿಯಿತು. ಅಂಬಿಗರ ಕೇರಿಯವರು ಒಂದು ಬದಿ, ದಂಡಿನವರು ಒಂದು ಬದಿ ನಿಂತಿದ್ದರು. ಮಣ್ಣು ಮೊಣಕಾಲೆತ್ತರ ಮೇಲೆ ಬಂದಿರಬೇಕು, ಹುಲಿಗೆವ್ವ ಮುಂದೆ ಬಂದು ಗುದ್ದಲಿಯ ಕಾವು ಹಿಡಿದಳು.

“ನಿಲ್ಲಸ್ರಿ,” ಎಂದಳು. “ಒಳಗ ಅಂವ ಇದ್ರ, ನಾ ಮಣ್ಣು ತೂರಿ ಬೈದದ್ದು ಅಂವಗ. ಅಂವ ಅಲ್ಲಂದ್ರ, ಯಾವಾಕಿ ಗಂಡನೋ ಏನೋ, ಅವನ ಎಲುಬು ನೋಡಿ ನಾ ಹಿಗ್ಗಬೇಕು. ಎರಡೂ ನನಗ ಬ್ಯಾಡ. ಇದ್ದಾಂವ ಇರ್ಲಿ ಬಿಡ್ರಿ.”

ಅವಳ ಮೈದುನ ಕೈಹಿಡಿದು ಎಳೆದ. ಕೇರಿಗೆ ಏನು ಹೇಳುವುದು, ಬಳೆಯ ಮಾತು ತೀರುವುದು ಹೇಗೆ ಎಂದು ರೇಗಿದ. ಅವಳು ಗುಂಡಿಯಂಚಿನಲ್ಲಿ ಕೂತು, ಮೇಲೆ ಬಂದ ಮಣ್ಣನ್ನು ಎರಡೂ ಕೈಯಿಂದ ಮೆಲ್ಲಗೆ ಒಳಕ್ಕೆ ತಳ್ಳಿ ತಟ್ಟತೊಡಗಿದಳು. ಸ್ವಲ್ಪ ಹೊತ್ತು ನೋಡಿ ಸಾಹೇಬನೂ ಮೊಣಕಾಲೂರಿದ. ಅವಳು ಅಂದ ‘ಇದ್ದಾಂವ’ನಿಂದಲೇ ಈ ಹೆಸರು ಬಿತ್ತು ಎಂದು ಕೇರಿಯವರು ಹೇಳುತ್ತಾರೆ. ಸತ್ತನೆಂದು ಹೂತ ಸಾಹೇಬ ಬದುಕಿದ್ದನಲ್ಲ, ಅದರಿಂದ ಬಂದ ಹೆಸರೆಂದು ಪೇಟೆಯವರು ವಾದಿಸುತ್ತಾರೆ. ಜಗಳ ಇನ್ನೂ ಬಗೆಹರಿದಿಲ್ಲ.

ಹುಲಿಗೆವ್ವ ಬಳೆ ತೆಗೆಯಲಿಲ್ಲ, ಹೊಸ ಬಳೆ ಇಡಿಸಿಕೊಳ್ಳಲೂ ಇಲ್ಲ. ಕೈಯಲ್ಲಿದ್ದವು ಕೆಲಸ ಮಾಡುತ್ತ ಮಾಡುತ್ತ ಒಂದೊಂದಾಗಿ ತಾವೇ ಒಡೆದುಹೋದವು. ಕೊನೆಯದು ಯಾವಾಗ ಹೋಯಿತೆಂದು ಅವಳೂ ಗಮನಿಸಲಿಲ್ಲವಂತೆ. ಸಾಹೇಬ ಸೇತುವೆ ಮುಗಿಸಿದ. ಕೆಲವು ವರ್ಷಗಳಾದ ಮೇಲೆ ಜ್ವರ ಬಂದು ಇಲ್ಲಿಯೇ ತೀರಿಕೊಂಡಾಗ, ಅವನ ಹೆಸರಿಗೆ ಕಟ್ಟಿದ ಮಂಟಪದಲ್ಲೇ ಅವನನ್ನಿಡಲು ಪಾದ್ರಿ ಬಯಸಿದ. ಆ ಜಾಗ ಬೇರೆಯವರದೆಂದು ಸಾಹೇಬ ಮೊದಲೇ ಹೇಳಿಟ್ಟಿದ್ದ.

ಇಂದು ಅಲ್ಲಿಗೆ ಹೋದವರಿಗೆ ಎರಡೂ ಗೋರಿಗಳು ಕಾಣುತ್ತವೆ. ಮಂಟಪದ ಹೊರಗೆ, ಬಿಸಿಲಿನಲ್ಲಿ, ಡೆನ್‌ಹ್ಯಾಮ್ ಎಂದು ಕೆತ್ತಿದ ಬರಿಯ ನೆಲಗಲ್ಲು. ಪಕ್ಕದಲ್ಲಿ ದ್ರಾಕ್ಷಿ ಬಳ್ಳಿಯ ಕಮಾನುಗಳ ಕೆಳಗೆ, ನೆರಳಿನಲ್ಲಿ, ಹೆಸರಿಲ್ಲದ ಬಿಳಿ ಚಪ್ಪಡಿ. ಹೆಸರಿದ್ದಲ್ಲಿ ಉಳಿಯ ಗೀರುಗಳಷ್ಟೇ ಇವೆ. ಕೆಳಗಿನ ಒಂದು ಸಾಲು ಮಾತ್ರ ಇಂದಿಗೂ ಸ್ಪಷ್ಟ. ಅಂದು ಗೋರಿ ಮುಚ್ಚಿದ ಮೇಲೆ ಸಾಹೇಬ ಕರೆಸಿದ ಕಲ್ಲುಕುಟಿಗ ಹೆಸರು ಕೆರೆದು ಅದಕ್ಕೂ ಉಳಿ ಇಟ್ಟಾಗ, ಅದೇನೆಂದು ಹುಲಿಗೆವ್ವ ಕೇಳಿದಳಂತೆ. ಹರಿಗೋಲು ಮುಳುಗಿದ ದಿನ ಎಂದು ಸಾಹೇಬ ಹೇಳಿದ.

“ಆ ದಿನ ಒಬ್ಬಾಂವ ಹೋದದ್ದು ಖರೇ ಐತಿ,” ಎಂದಳು ಅವಳು. “ಅದು ಇರ್ಲಿ.”